ಕಣ್ಣೀರಿನ ಗುಣ ಕಂಡ ಫ್ಲೆಮಿಂಗ್

ಕಣ್ಣೀರೆಂದೊಡನೆಯೇ ನಮ್ಮ ಮನಸ್ಸಿಗೆ ತೋರುವುದು ದುಃಖ. ತವರನ್ನು ಬಿಟ್ಟು ಹೊರಡುವ ಮಗಳು ಅಳುತ್ತಾಳೆ. ಈರುಳ್ಳಿ ಹೆಚ್ಚುವ ತಾಯಿಯ ಕಣ್ಣೂ ತುಂಬುತ್ತದೆ. ಇವೆರಡೂ ಉಕ್ಕಿ ಹರಿಯುವ ಕಣ್ಣೀರು. ನಾವು ನಗುತ್ತಿರುವಾಗ, ಓದುತ್ತಿರುವಾಗ, ಸುಮ್ಮನೆ ಕುಳಿತಿರುವಾಗ ಕೂಡ ಕಣ್ಣಿನ ಮೇಲೆ ಮತ್ತೊಂದು ಕಣ್ಣೀರು ಸದಾಕಾಲ ಹರಡಿಕೊಂಡಿರುತ್ತದೆ. ಅದು ಇರುವಷ್ಟು ದಿನ ಯಾರ ಗಮನಕ್ಕೂ ಬಾರದು. ಕಡಮೆಯಾದಾಗ ಮಾತ್ರ ಕಣ್ಣು ಉರಿಯುತ್ತದೆ, ಮುಂದಿರುವ ಅಕ್ಷರ ಮಸುಕಾಗುತ್ತದೆ.

ಆ ನೀರು ಬರಿಯ ಉಪ್ಪು ನೀರಲ್ಲ, ಸೂಕ್ಷ್ಮಜೀವಿಗಳನ್ನು ಕರಗಿಸಿಬಿಡುವ ಒಂದು ಸಸಾರಜನಕ, ಅಂದರೆ ಪ್ರೋಟೀನು, ಅದರಲ್ಲಿ ಅಡಗಿದೆ ಎಂಬುದನ್ನು ತೋರಿಸಿಕೊಟ್ಟವನು ಸರ್ ಅಲೆಕ್ಸಾಂಡರ್ ಫ್ಲೆಮಿಂಗ್. ಪೆನಿಸಿಲಿನ್ನನ್ನು ಕಂಡುಹಿಡಿದವನೆಂದು ಆತನನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಅದಕ್ಕೂ ಏಳು ವರ್ಷ ಮುಂಚೆ ಆತನು ಕಣ್ಣೀರಿನ ಗುಣವನ್ನು ಕಂಡಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆತನ ಬಾಳಿನ ಸೂತ್ರವನ್ನು ಹಿಡಿಯಬೇಕಾದರೆ ಆ ಕಣ್ಣೀರಿನಿಂದಲೇ ಹಿಡಿಯಬೇಕು.

ಫ್ಲೆಮಿಂಗನು 1881ನೆಯ ಇಸವಿ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಡಾರ್ವೆಲ್ ಎಂಬ ಊರಿಗೆ ಸಮೀಪದ ಲಾಕ್‌ಫೀಲ್ಡ್ ಎಂಬ ಒಕ್ಕಲುಮನೆಯಲ್ಲಿ ಹುಟ್ಟಿದನು. ತಂದೆ ಹ್ಯೂ ಫ್ಲೆಮಿಂಗ್ ಕುರಿ ಸಾಕುವ ರೈತ. ತಾಯಿ ಗ್ರೇಸ್ ಆತನ ಎರಡನೆಯ ಹೆಂಡತಿ. ಮಗನಿಗೆ ಏಳು ವರ್ಷವಾಗುವಷ್ಟರಲ್ಲಿ ತಂದೆ ತೀರಿಹೋದನು. ದೊಡ್ಡ ಸಂಸಾರ, ಗಾಳಿ ಬೀಸುವ ಬಯಲುಸೀಮೆ, ಮೈಲಿಗಟ್ಟಲೆ ನಡೆದು ಮುಟ್ಟಬೇಕಾದ ಶಾಲೆ. ಲಕ್ಕೂರಿನ ಸುತ್ತಲ ಹಳ್ಳಿಗಳಿಂದ ಪುಸ್ತಕದ ಚೀಲ ಹೊತ್ತು ನಡೆದು ಬಂದು ಓದಿದವರಿಗೆ ಈ ಬಾಲ್ಯವನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಹೊಳೆಯಲ್ಲಿ ಮೀನು, ಪೊದೆಯಲ್ಲಿ ಹಕ್ಕಿಯ ಗೂಡು, ಹೊಲದಲ್ಲಿ ಮೊಲ, ಇವನ್ನು ಹುಡುಕುತ್ತ ಬೆಳೆದ ಹುಡುಗನಿಗೆ ಸಣ್ಣ ವಸ್ತುಗಳನ್ನು ಸರಿಯಾಗಿ ನೋಡುವ ಅಭ್ಯಾಸ ಅಲ್ಲಿಯೇ ಆಯಿತು.

ತಂದೆಯ ಮೊದಲ ಹೆಂಡತಿಯ ಮಗನಾದ ಟಾಮ್ ಲಂಡನ್ನಿನಲ್ಲಿ ಕಣ್ಣಿನ ವೈದ್ಯನಾಗಿ ನೆಲಸಿದ್ದನು. ಹದಿಹರೆಯದ ಅಲೆಕ್ಸಾಂಡರನು ಆ ಅಣ್ಣನ ಮನೆಯನ್ನು ಸೇರಿದನು. ಇನ್ನಿಬ್ಬರು ಸೋದರರು ಕನ್ನಡಕದ ಗಾಜಿನ ಉದ್ಯೋಗವನ್ನು ಹಿಡಿದರು. ಹೀಗೆ ಕಣ್ಣಿನ ಮಾತೇ ತುಂಬಿದ ಮನೆ ಅದು. ಆದರೆ ಅಲೆಕ್ಸಾಂಡರನು ಹಣದ ಅನುಕೂಲವಿಲ್ಲದೆ ಒಂದು ಹಡಗು ಕಂಪನಿಯಲ್ಲಿ ನಾಲ್ಕು ವರ್ಷ ಗುಮಾಸ್ತೆಗಿರಿ ಮಾಡಿದನು. 1901ರಲ್ಲಿ ಚಿಕ್ಕಪ್ಪನೊಬ್ಬನ ಆಸ್ತಿಯಲ್ಲಿ 250 ಪೌಂಡು ಪಾಲಿಗೆ ಬಂದಾಗ ಗುಮಾಸ್ತೆಗಿರಿಯನ್ನು ಬಿಟ್ಟು ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದನು. ಆ ಶಾಲೆಯ ತಂಡದೊಡನೆ ತಾನು ಒಮ್ಮೆ ನೀರಿನಲ್ಲಿ ಚೆಂಡಾಟವಾಡಿದ್ದನೆಂಬುದೇ ಅದನ್ನು ಆರಿಸಿಕೊಂಡದ್ದಕ್ಕೆ ಕಾರಣವಂತೆ! 1906ರಲ್ಲಿ ವೈದ್ಯನಾಗಿ ತೇರ್ಗಡೆಯಾದ ಮೇಲೆ ಆತನನ್ನು ಅಲ್ಲಿಯೇ ಉಳಿಸಿಕೊಂಡದ್ದೂ ಬಂದೂಕದ ಗುರಿಯಾಟದಲ್ಲಿ ಆತನಿಗಿದ್ದ ಕೈವಾಡ. ತಂಡಕ್ಕೆ ಒಳ್ಳೆಯ ಗುರಿಕಾರನು ಬೇಕಾಗಿದ್ದನು. ಅದಕ್ಕಾಗಿ ಸರ್ ಆಲ್‌ಮ್ರಾತ್ ರೈಟನ ಪ್ರಯೋಗಶಾಲೆಯಲ್ಲಿ ಒಂದು ಸ್ಥಾನ ಒದಗಿತು. ಆಟದಿಂದ ಒದಗಿದ ಆ ಸ್ಥಾನವೇ ಜೀವಮಾನದ ಕರ್ಮಭೂಮಿಯಾಯಿತು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಫ್ಲೆಮಿಂಗನು ಗುರು ರೈಟನೊಡನೆ ಫ್ರಾನ್ಸಿನ ಬುಲೋನ್ ಪಟ್ಟಣದ ಸೈನಿಕ ಆಸ್ಪತ್ರೆಗೆ ಹೋದನು. ಅಲ್ಲಿ ಆತನು ನೋಡಿದ್ದು ಹೃದಯವಿದ್ರಾವಕವಾದ ದೃಶ್ಯ. ಗುಂಡಿಗಿಂತ ಹೆಚ್ಚಾಗಿ ಗಾಯದ ಕೀವು ಯುವಕರನ್ನು ಬಲಿ ತೆಗೆದುಕೊಳ್ಳುತ್ತಿದ್ದಿತು. ಕಾರ್ಬಾಲಿಕ್ ಆಮ್ಲದಂತಹ ಉಗ್ರವಾದ ದ್ರಾವಣಗಳನ್ನು ಗಾಯಕ್ಕೆ ಸುರಿಯುವುದು ಅಂದಿನ ಪದ್ಧತಿ. ಫ್ಲೆಮಿಂಗನು ಗಾಜಿನ ಕೊಳವೆಯೊಂದನ್ನು ಕಾಯಿಸಿ, ಅದರ ಮೈಯಿಂದ ಮುಳ್ಳಿನಂತಹ ಟೊಳ್ಳುಗಳನ್ನು ಎಳೆದು, ಸೀಳುಬಿರುಕುಗಳುಳ್ಳ ಕೃತಕ ಗಾಯವನ್ನು ಮಾಡಿದನು. ದ್ರಾವಣವು ಆ ಮೂಲೆಗಳನ್ನು ಮುಟ್ಟುವುದೇ ಇಲ್ಲ, ಅಲ್ಲಿನ ಜೀವಾಣುಗಳು ಸುಖವಾಗಿ ಬದುಕಿರುತ್ತವೆ ಎಂಬುದನ್ನು ತೋರಿಸಿದನು. ಅದಕ್ಕಿಂತಲೂ ದೊಡ್ಡ ಸಂಗತಿಯೊಂದನ್ನು ಕಂಡನು. ರೋಗಾಣುಗಳೊಡನೆ ಕಾದಾಡಲು ದೇಹವೇ ಕಳುಹಿಸುವ ಬಿಳಿಯ ರಕ್ತಕಣಗಳನ್ನು ಆ ಮದ್ದು ರೋಗಾಣುಗಳಿಗಿಂತ ಮೊದಲು ಕೊಲ್ಲುತ್ತಿದ್ದಿತು. ಕಳ್ಳನನ್ನು ಹಿಡಿಯಲೆಂದು ಮನೆಯ ಕಾವಲುಗಾರನನ್ನೇ ಹೊಡೆದುಹಾಕಿದಂತಾಯಿತು. ದೇಹವು ತಾನಾಗಿ ಮಾಡಿಕೊಳ್ಳುವ ರಕ್ಷಣೆಗೆ ಕೇಡು ಮಾಡದ ಮದ್ದು ಯಾವುದು ಎಂಬ ಪ್ರಶ್ನೆ ಅಂದಿನಿಂದ ಆತನನ್ನು ಬಿಡಲಿಲ್ಲ. ಯುದ್ಧದ ನಡುವೆ 1915ರಲ್ಲಿ ಐರ್ಲೆಂಡಿನ ದಾದಿಯಾದ ಸಾರಾ ಮೆಕೆಲ್ರಾಯ್ ಎಂಬಾಕೆಯನ್ನು ಮದುವೆಯಾದನು.

ಉತ್ತರದ ಮೊದಲ ಎಳೆ ದೊರೆತದ್ದು ಒಂದು ನೆಗಡಿಯಿಂದ. 1921ರ ನವೆಂಬರ್ ತಿಂಗಳಲ್ಲಿ ಫ್ಲೆಮಿಂಗನಿಗೆ ನೆಗಡಿಯಾಗಿತ್ತು. ತನ್ನ ಮೂಗಿನ ಲೋಳೆಯನ್ನೇ ಜೀವಾಣು ಬೆಳೆಸುವ ಗಾಜಿನ ತಟ್ಟೆಗೆ ಹಚ್ಚಿ ಇಟ್ಟನು. ಕೆಲವು ದಿನಗಳ ಮೇಲೆ ನೋಡಿದಾಗ ತಟ್ಟೆಯ ತುಂಬ ಹಳದಿ ಬಣ್ಣದ ಜೀವಾಣುಗಳು ಬೆಳೆದಿದ್ದವು. ಆದರೆ ಲೋಳೆಯ ಸುತ್ತಮುತ್ತ ಮಾತ್ರ ಒಂದೂ ಉಳಿದಿರಲಿಲ್ಲ. ಕರಗಿ ಗಾಜಿನಂತೆ ತಿಳಿಯಾಗಿ ಹೋಗಿದ್ದವು. ಮತ್ತೊಬ್ಬರಾಗಿದ್ದರೆ ತಟ್ಟೆಯನ್ನು ತೊಳೆದಿಡುತ್ತಿದ್ದರು. ಫ್ಲೆಮಿಂಗನು ತನ್ನ ಸಹಾಯಕನಾದ ಆಲಿಸನ್‌ನೊಡನೆ ಅದರ ಬೆನ್ನು ಹತ್ತಿದನು. ಎಂಜಲು, ರಕ್ತದ ರಸ, ಕೋಳಿಮೊಟ್ಟೆಯ ಬಿಳಿಯ ಲೋಳೆ, ಎಲ್ಲದರಲ್ಲಿಯೂ ಆ ಗುಣವು ಹೆಚ್ಚು ಕಡಮೆ ಇತ್ತು. ಕಣ್ಣೀರಿನಲ್ಲಿ ಅದು ಅತಿಶಯವಾಗಿತ್ತು. ಜೀವಾಣುಗಳಿಂದ ಹಾಲಿನಂತೆ ಬೆಳ್ಳಗಾಗಿದ್ದ ದ್ರವಕ್ಕೆ ಒಂದು ತೊಟ್ಟು ಕಣ್ಣೀರು ಬಿಟ್ಟರೆ ನೋಡುನೋಡುತ್ತಿದ್ದಂತೆ ಅದು ನೀರಿನಷ್ಟು ತಿಳಿಯಾಗುತ್ತಿದ್ದಿತು.

ಇನ್ನು ಪ್ರಯೋಗಶಾಲೆಗೆ ಕಣ್ಣೀರಿನ ಬರಗಾಲ ಬಂದಿತು. ಅಳುವುದಕ್ಕೆ ದಿನವೂ ಕಾರಣ ಎಲ್ಲಿಂದ ತರುವುದು? ನಿಂಬೆಯ ಸಿಪ್ಪೆಯನ್ನು ಕಣ್ಣಿನ ಬಳಿ ಹಿಂಡಿಕೊಂಡು ಫ್ಲೆಮಿಂಗನೂ ಆಲಿಸನ್ನನೂ ತಮ್ಮ ಕಣ್ಣೀರನ್ನೇ ಸೀಸೆಗೆ ತುಂಬಿದರು. ಅದು ಸಾಲದೆ ಬಂದ ಅತಿಥಿಗಳಿಗೂ ನಿಂಬೆಯ ಸತ್ಕಾರವಾಯಿತು. ಪ್ರಯೋಗಶಾಲೆಯ ಹುಡುಗರಿಗೆ ಅತ್ತಿದ್ದಕ್ಕೆ ಕೆಲವು ಪೆನ್ನಿಗಳ ಸಂಭಾವನೆ ಸಲ್ಲುತ್ತಿದ್ದಿತು. ಈ ಪದಾರ್ಥಕ್ಕೆ ಲೈಸೋಜೈಮ್ ಎಂದು ಹೆಸರಾಯಿತು.

ಆದರೆ ಪಂಡಿತರು ಇದನ್ನು ಆದರಿಸಲಿಲ್ಲ. ಅದೇ ಡಿಸೆಂಬರಿನಲ್ಲಿ ಸಂಶೋಧಕರ ಸಭೆಯೊಂದರಲ್ಲಿ ಫ್ಲೆಮಿಂಗನು ತನ್ನ ಪ್ರಬಂಧವನ್ನು ಓದಿದಾಗ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆತನು ಮೊದಲೇ ಮಿತಭಾಷಿ, ಮೆಲುದನಿಯಲ್ಲಿ ಓದುವವನು. 1922ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದು ಅಚ್ಚಾದ ಮೇಲೆಯೂ ಗದ್ದಲವೇನೂ ಆಗಲಿಲ್ಲ. ಲೈಸೋಜೈಮ್ ಬೇಗನೆ ಕರಗಿಸುವುದು ಬಹುಮಟ್ಟಿಗೆ ನಿರುಪದ್ರವಿ ಜೀವಾಣುಗಳನ್ನು. ಮಾರಕ ರೋಗಗಳ ಜೀವಾಣುಗಳು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಹಾಗಾದರೆ ಇದರಿಂದ ಏನು ಪ್ರಯೋಜನ ಎಂಬುದು ಅವರ ಭಾವನೆ. ಅನೇಕ ಜೀವಾಣುಗಳು ನಮಗೆ ನಿರುಪದ್ರವಿಗಳಾಗಿರುವುದಕ್ಕೆ ಇಂತಹ ಕಾವಲು ಇರುವುದೂ ಒಂದು ಕಾರಣವಲ್ಲವೆ ಎಂದು ಫ್ಲೆಮಿಂಗನು ಯೋಚಿಸುತ್ತಿದ್ದನು. ಸೋಲೊಪ್ಪದೆ ಇನ್ನೂ ಹಲವು ವರ್ಷ ಅದರ ಮೇಲೆ ಪ್ರಬಂಧಗಳನ್ನು ಬರೆದನು.

ಈ ಕಾವಲು ಕಣ್ಣಿಗೆ ಎಷ್ಟು ಮುಖ್ಯವೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕಣ್ಣಿನ ಮುಂಭಾಗದಲ್ಲಿರುವ ಕಾರ್ನಿಯಾ ಎಂಬ ಪಾರದರ್ಶಕವಾದ ಪಟಲದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ನಾವು ಕೆಂಪು ಜಾಲರಿಯ ಮೂಲಕ ಲೋಕವನ್ನು ನೋಡಬೇಕಾಗುತ್ತಿತ್ತು. ಆದ್ದರಿಂದ ಅದು ಗಾಳಿಯಿಂದ ಆಮ್ಲಜನಕವನ್ನು ಪಡೆಯುವುದೂ, ಧೂಳನ್ನು ಕಳೆದುಕೊಳ್ಳುವುದೂ, ರೋಗಾಣುಗಳಿಂದ ಪಾರಾಗುವುದೂ ಕಣ್ಣೀರಿನಿಂದಲೇ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಸುಮಾರು 3 ಪಾಲಿನಷ್ಟು ದಪ್ಪ ಈ ನೀರಿನ ಹಾಳೆ. ತಳದಲ್ಲಿ ಲೋಳೆ, ನಡುವೆ ಪ್ರೋಟೀನುಗಳುಳ್ಳ ನೀರು, ನೀರು ಬೇಗ ಆರದಂತೆ ಮೇಲೆ ರೆಪ್ಪೆಯಂಚಿನ ಗ್ರಂಥಿಗಳು ಸುರಿಸುವ ಎಣ್ಣೆ. ಬೆಳಕು ಕಣ್ಣನ್ನು ಹೊಗುವಾಗ ಮೊದಲು ಬಾಗುವುದು ಈ ಹಾಳೆಯ ಮೇಲೆ. ಹಾಳೆ ನುಣುಪಾಗಿದ್ದರೆ ನೋಟ ಸ್ಪಷ್ಟ. ಅಲ್ಲಲ್ಲಿ ಹರಿದರೆ ಒಳಗಿನ ಕಣ್ಣು ಎಷ್ಟೇ ಚೆನ್ನಾಗಿರಲಿ, ಕನ್ನಡಕವೆಷ್ಟೇ ಸರಿಯಾಗಿರಲಿ, ನೋಟ ಮಸುಕು. ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿದು ಹಾಳೆಯನ್ನು ಹೊಸದಾಗಿ ಬಳಿಯುತ್ತದೆ. ಆ ರೆಪ್ಪೆ ಕಣ್ಣನ್ನು ಉಜ್ಜಿ ಗಾಯ ಮಾಡದಂತೆ ಕೀಲೆಣ್ಣೆಯ ಹಾಗೆ ಜಾರಿಸುವ ಪದಾರ್ಥಗಳೂ ಅಲ್ಲಿವೆ. ಇದೆಲ್ಲ ನಡೆಯುವುದು ನಮ್ಮ ಅರಿವಿಗೆ ಬಾರದೆ!

1928ರ ಸೆಪ್ಟೆಂಬರಿನಲ್ಲಿ ಫ್ಲೆಮಿಂಗನು ರಜೆ ಮುಗಿಸಿ ಪ್ರಯೋಗಶಾಲೆಗೆ ಹಿಂದಿರುಗಿದಾಗ ಬೂಷ್ಟು ಹಿಡಿದ ತಟ್ಟೆಯೊಂದು ಕಣ್ಣಿಗೆ ಬಿದ್ದಿತು. ಬೂಷ್ಟಿನ ಸುತ್ತ ಜೀವಾಣುಗಳು ಕರಗಿಹೋಗಿದ್ದವು. ಆ ಕಥೆ ಎಲ್ಲರಿಗೂ ಪರಿಚಿತವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ. ಏಳು ವರ್ಷಗಳ ಹಿಂದೆ ಕಣ್ಣೀರಿನ ತಟ್ಟೆಯಲ್ಲಿ ಅಂತಹುದೇ ತಿಳಿಯಾದ ವಲಯವನ್ನು ಕಂಡಿದ್ದವನಾದ್ದರಿಂದಲೇ ಆತನಿಗೆ ಇದರ ಅರ್ಥ ಥಟ್ಟನೆ ಹೊಳೆಯಿತು ಎಂಬುದನ್ನು ಮಾತ್ರ ಮರೆಯಬಾರದು. ಬೂಷ್ಟಿನ ರಸವು ಮಾರಕ ಜೀವಾಣುಗಳನ್ನೂ ಕೊಲ್ಲುತ್ತಿದ್ದಿತು, ಬಿಳಿಯ ರಕ್ತಕಣಗಳನ್ನು ಮುಟ್ಟುತ್ತಿರಲಿಲ್ಲ. ಬುಲೋನಿನಲ್ಲಿ ಕೇಳಿಕೊಂಡ ಪ್ರಶ್ನೆಗೆ ಉತ್ತರ ದೊರೆತಂತಾಯಿತು.

ಪೆನಿಸಿಲಿನ್ನಿನಿಂದ ಗುಣವಾದ ಮೊದಲ ದಾಖಲೆಗಳೂ ಕಣ್ಣಿಗೆ ಸಂಬಂಧಿಸಿದವೇ. ಫ್ಲೆಮಿಂಗನು ಕೆಲಸ ಮಾಡುತ್ತಿದ್ದ ಸೇಂಟ್ ಮೇರಿಯಲ್ಲಿಯೇ ಓದಿದ್ದ ಸೆಸಿಲ್ ಪೇನ್ ಎಂಬ ವೈದ್ಯನು 1930ರಲ್ಲಿ ಷೆಫೀಲ್ಡಿನ ಆಸ್ಪತ್ರೆಯಲ್ಲಿ, ಹೆರಿಗೆಯ ಸಮಯದಲ್ಲಿ ತಾಯಿಯಿಂದ ಸೋಂಕು ತಗುಲಿ ಕಣ್ಣು ಕೀವುಗಟ್ಟಿದ್ದ ಹಸುಳೆಗಳಿಗೆ ಬೂಷ್ಟಿನ ರಸವನ್ನು ಹಾಕಿ ಗುಣಪಡಿಸಿದನು. ಎಷ್ಟೋ ಎಳೆಯ ಮಕ್ಕಳು ಜನ್ಮಪೂರ್ತಿ ಕುರುಡರಾಗುತ್ತಿದ್ದುದು ಆ ಬೇನೆಯಿಂದಲೇ. ಕಣ್ಣಿಗೆ ಕಲ್ಲಿನ ಚೂರು ಸಿಡಿದು ಸೋಂಕು ತಗುಲಿದ್ದ ಗಣಿಯ ನೌಕರನೊಬ್ಬನ ಕಣ್ಣೂ ಹೀಗೆಯೇ ಉಳಿಯಿತು. ಆದರೆ ಪೇನನು ಇದನ್ನು ಪ್ರಕಟಿಸದೆ ಸುಮ್ಮನಾದನು. ರಸವನ್ನು ಶುದ್ಧಮಾಡಲು ಫ್ಲೆಮಿಂಗನಿಂದಲೂ ಆಗಲಿಲ್ಲ.

ಮುಂದಿನ ಹೆಜ್ಜೆಯೂ ಕಣ್ಣೀರಿನ ದಾರಿಯಲ್ಲಿಯೇ ಬಂದಿತು. ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿ ಎಂಬ ಪ್ರಾಧ್ಯಾಪಕನು ಲೈಸೋಜೈಮಿನಲ್ಲಿ ಆಸಕ್ತನಾಗಿದ್ದನು. 1937ರಲ್ಲಿ ಅಲ್ಲಿ ಅದನ್ನು ಹರಳುಗಟ್ಟಿಸಿದರು. ಅವನ ಸಹೋದ್ಯೋಗಿ ಅರ್ನ್‌ಸ್ಟ್ ಚೈನನು ಲೈಸೋಜೈಮಿನ ಕೆಲಸದ ಬೆನ್ನಲ್ಲೇ, ಜೀವಾಣುಗಳನ್ನು ಕೊಲ್ಲುವ ಇತರ ಪದಾರ್ಥಗಳ ಬಗ್ಗೆ ಹಳೆಯ ಸಂಚಿಕೆಗಳನ್ನು ತಿರುವಿಹಾಕುತ್ತಿದ್ದಾಗ ಫ್ಲೆಮಿಂಗನ ಪೆನಿಸಿಲಿನ್ ಪ್ರಬಂಧವನ್ನು ಕಂಡನು. 1940ರಲ್ಲಿ ಇಲಿಗಳ ಮೇಲೆ ಪರೀಕ್ಷೆ ಜಯಪ್ರದವಾಯಿತು. ನಾರ್ಮನ್ ಹೀಟ್ಲಿಯ ಕೈಚಳಕದಿಂದ ಔಷಧಿ ಶುದ್ಧವಾಯಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಅಸಂಖ್ಯ ಪ್ರಾಣಗಳು ಉಳಿದವು. 1944ರಲ್ಲಿ ಫ್ಲೆಮಿಂಗನಿಗೆ ಸರ್ ಪದವಿ, 1945ರಲ್ಲಿ ಫ್ಲೋರಿ, ಚೈನರೊಡನೆ ನೊಬೆಲ್ ಪಾರಿತೋಷಕ ದೊರೆತವು. ಪಾರಿತೋಷಕದ ಭಾಷಣದಲ್ಲಿಯೇ ಆತನು, ಈ ಮದ್ದನ್ನು ಅರೆಬರೆಯಾಗಿ ಸೇವಿಸಿದರೆ ಜೀವಾಣುಗಳು ಅದಕ್ಕೆ ಒಗ್ಗಿಕೊಂಡು ಗಟ್ಟಿಯಾಗುವುವೆಂದು ಎಚ್ಚರಿಸಿದನು. ಆ ಎಚ್ಚರಿಕೆ ನಿಜವಾಗಿರುವುದನ್ನು ನಾವಿಂದು ಎಲ್ಲ ಆಸ್ಪತ್ರೆಗಳಲ್ಲಿಯೂ ಕಾಣುತ್ತಿದ್ದೇವೆ.

ಆತನ ಮೊದಲ ಕೂಸಾದ ಲೈಸೋಜೈಮ್ ಏನಾಯಿತು? 1965ರಲ್ಲಿ ಲಂಡನ್ನಿನ ಡೇವಿಡ್ ಫಿಲಿಪ್ಸನು ಕೋಳಿಮೊಟ್ಟೆಯ ಲೈಸೋಜೈಮಿನ ಪೂರ್ಣ ಆಕಾರವನ್ನು ಎಕ್ಸ್‌ರೇ ಕಿರಣಗಳಿಂದ ಕಂಡನು. ಕಿಣ್ವವೊಂದರ ಆಕಾರವು ಮನುಷ್ಯನಿಗೆ ಗೋಚರವಾದದ್ದು ಅದೇ ಮೊದಲು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಂ. ವಿಜಯನ್‌ರವರೂ ಅವರ ಶಿಷ್ಯರೂ ಲೈಸೋಜೈಮಿನ ಹರಳುಗಳಲ್ಲಿ ತೇವವು ಕಡಮೆಯಾದಂತೆ ಅಣುವಿನ ಆಕಾರ ಹೇಗೆ ಮಾರ್ಪಡುವುದೆಂಬುದನ್ನು ಪರಿಶೀಲಿಸಿದರು. ಕಣ್ಣು ಒಣಗುವ ಬೇನೆಯಲ್ಲಿ ಲೈಸೋಜೈಮ್ ಇಳಿದುಹೋಗುವುದೆಂದು ತಿಳಿದ ಮೇಲೆ ಅದೇ ಒಂದು ಪರೀಕ್ಷೆಯಾಯಿತು. ಜೀವಾಣುಗಳನ್ನು ಬೆಳೆಸಿದ ತಟ್ಟೆಯ ಮೇಲೆ ಕಣ್ಣೀರು ನೆನೆದ ಕಾಗದದ ಬಿಲ್ಲೆಯನ್ನಿಟ್ಟು, ತಿಳಿಯಾಗುವ ವಲಯ ಎಷ್ಟು ಅಗಲವೆಂದು ಅಳೆಯುವುದನ್ನು 1969ರಲ್ಲಿ ಹಾಲೆಂಡಿನ ವೈದ್ಯನೊಬ್ಬನು ಪ್ರಕಟಿಸಿದನು. ನೆಗಡಿಯ ದಿನ ಫ್ಲೆಮಿಂಗನು ಕಂಡ ತಟ್ಟೆಯೇ ರೋಗಿಯ ಕಣ್ಣಿನ ಸ್ಥಿತಿಯನ್ನು ಹೇಳತೊಡಗಿತು.

ಇಂದು ಒಣಗಿದ ಕಣ್ಣಿಗೆ ಹಾಕುವ ಹನಿಗಳು ಹಲವು. ಹೆಚ್ಚಿನವು ನೀರನ್ನು ಹಿಡಿದಿಡುವ ಅಂಟು ಪದಾರ್ಥಗಳ ದ್ರಾವಣಗಳು. ಅವು ಕಣ್ಣನ್ನು ತೇವವಾಗಿಡುತ್ತವೆ, ನೋಟವನ್ನು ಸ್ವಲ್ಪ ಹೊತ್ತು ತಿಳಿಗೊಳಿಸುತ್ತವೆ. ಆದರೆ ಕಣ್ಣೀರಿನ ಪ್ರೋಟೀನುಗಳು ಅವುಗಳಲ್ಲಿಲ್ಲ. ಬೇನೆ ತೀವ್ರವಾದಾಗ ರೋಗಿಯ ರಕ್ತವನ್ನೇ ತೆಗೆದು, ಅದರ ತಿಳಿರಸವನ್ನು ತೆಳುಮಾಡಿ, ಶುದ್ಧವಾದ ಸೀಸೆಗಳಲ್ಲಿ ತಂಪಾಗಿರಿಸಿ ಹನಿಯಾಗಿ ಕೊಡುವ ಪದ್ಧತಿ 1984ರಿಂದ ಈಚೆಗೆ ಬಳಕೆಗೆ ಬಂದಿದೆ. ಆ ರಸದಲ್ಲಿ ಲೈಸೋಜೈಮೂ ಇತರ ಪ್ರೋಟೀನುಗಳೂ ಇರುತ್ತವೆ. ಮೊಣಕಾಲಿನ ಕೀಲುಗಳನ್ನು ಜಾರಿಸುವ ಲ್ಯೂಬ್ರಿಸಿನ್ ಎಂಬ ಪ್ರೋಟೀನು ಕಣ್ಣಿನ ಮೇಲೆಯೂ ಇರುವುದು ತಿಳಿದುಬಂದ ಮೇಲೆ ಅದನ್ನು ತಯಾರಿಸಿ ಹನಿಯಾಗಿ ಹಾಕಿ ನೋಡಿದರು. 2017ರಲ್ಲಿ ಪ್ರಕಟವಾದ, 39 ಮಂದಿ ರೋಗಿಗಳ ಪರೀಕ್ಷೆಯಲ್ಲಿ ಅದು ಸಾಮಾನ್ಯ ಹನಿಗಿಂತ ಹೆಚ್ಚು ಹಿತವಾಗಿ ಕಂಡಿತು. ಪರೀಕ್ಷೆ ಚಿಕ್ಕದು, ಎರಡು ವಾರದ್ದು. ಅಷ್ಟರಿಂದಲೇ ಜಯಭೇರಿ ಹೊಡೆಯುವಂತಿಲ್ಲ. ಆದರೂ ದಾರಿ ಸರಿಯಾದದ್ದು: ಕಣ್ಣು ತಾನಾಗಿ ಮಾಡಿಕೊಳ್ಳುವುದನ್ನೇ ಕಣ್ಣಿಗೆ ತುಂಬಿಕೊಡುವುದು.

ಬುಲೋನಿನ ಪಾಠವೂ ಇಲ್ಲಿ ಮತ್ತೆ ಎದುರಾಯಿತು. ಸೀಸೆಯಲ್ಲಿ ಹನಿ ಕೆಡದಿರಲೆಂದು ಬೆರಸುವ ಬೆಂಜಾಲ್ಕೋನಿಯಂ ಎಂಬ ರಾಸಾಯನಿಕವು ಸೀಸೆಯ ರೋಗಾಣುಗಳನ್ನು ಕೊಲ್ಲುತ್ತದೆ ನಿಜ. ಆದರೆ ದಿನಕ್ಕೆ ಹಲವು ಬಾರಿ, ಬಹುಕಾಲ ಹಾಕಿಕೊಂಡರೆ ಕಣ್ಣೀರಿನ ಹಾಳೆಯನ್ನೂ ಪಟಲದ ಮೇಲುಪದರವನ್ನೂ ಅದೇ ಕೆಡಿಸುತ್ತದೆ. ಅದಕ್ಕಾಗಿ ಆ ರಾಸಾಯನಿಕವಿಲ್ಲದ ಹನಿಗಳನ್ನು ವೈದ್ಯರು ಬರೆದುಕೊಡುತ್ತಾರೆ. ಕಾವಲುಗಾರನನ್ನು ಹೊಡೆಯಬಾರದೆಂಬ ಮಾತು ನೂರು ವರ್ಷಗಳ ಮೇಲೆ ಒಂದು ಚಿಕ್ಕ ಸೀಸೆಯಲ್ಲಿ ಪುನಃ ನಿಜವಾಯಿತು.

ನಮ್ಮ ಸೀಮೆಗೆ ಈ ಮಾತು ದೂರದ್ದಲ್ಲ. ಜೀವನದಿಯಿಲ್ಲದ ಒಣಭೂಮಿ ನಮ್ಮದು. ಮಾಲೂರಿನ ಕಡೆ ಹೆಂಚು, ಇಟ್ಟಿಗೆಗಳ ಗೂಡಿನ ಹೊಗೆ. ಸುಗ್ಗಿಯಲ್ಲಿ ರಾಗಿಯ ಕಣದಿಂದೇಳುವ ಹೊಟ್ಟು. ಇವುಗಳ ಮೇಲೆ ಈಗ ರಾತ್ರಿಯೆಲ್ಲ ರೆಪ್ಪೆ ಬಡಿಯದೆ ಮೊಬೈಲು ನೋಡುವ ನಮ್ಮ ಅಭ್ಯಾಸ. ಕಣ್ಣು ಕೆಂಪಾದರೆ ಒಬ್ಬರು ನಂದಿಬಟ್ಟಲ ಹೂವಿನ ರಸವೆನ್ನುತ್ತಾರೆ, ಇನ್ನೊಬ್ಬರು ಹರಳೆಣ್ಣೆ ಎನ್ನುತ್ತಾರೆ, ಅಜ್ಜಿ ಬಾಣಂತಿಯ ಎದೆಹಾಲನ್ನು ಹಾಕಿಸುತ್ತಾಳೆ. ಎದೆಹಾಲಿನಲ್ಲಿ ಲೈಸೋಜೈಮ್ ಉಂಟೆಂಬುದೇನೋ ದಿಟ. ಆದರೆ ಕೈಯಲ್ಲಿ, ಬಟ್ಟಲಲ್ಲಿ, ಬತ್ತಿಯಲ್ಲಿ ಅಂಟಿದ ರೋಗಾಣುಗಳೂ ಅದರ ಜೊತೆಗೇ ಕಣ್ಣನ್ನು ಸೇರುವುವು. ಇದಕ್ಕಿಂತಲೂ ಭಯಂಕರವಾದದ್ದು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ. ಅದು ಒಂದೇ ದಿನದಲ್ಲಿ ಕೆಂಪನ್ನು ಇಳಿಸಿ ನಂಬಿಕೆ ಹುಟ್ಟಿಸುತ್ತದೆ. ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡವರಿಗೆ ಕಣ್ಣಿನೊಳಗಿನ ಒತ್ತಡವೇರಿ, ಪೊರೆ ಬಂದು, ಹೋದ ದೃಷ್ಟಿ ಹಿಂದಿರುಗದಿರಬಹುದು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ನಮಗೆ ಒಂದು ಹಗಲಿನ ಪಯಣದೊಳಗಿದೆ. ಉರಿ, ಕೆಂಪು, ಮಸುಕು ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ನೋವಿದ್ದರೆ ಅಥವಾ ಬೆಳಕನ್ನು ನೋಡಲಾಗದಿದ್ದರೆ, ಕೂಡಲೆ ವೈದ್ಯರಿಗೆ ತೋರಿಸುವುದೇ ವಿವೇಕ. ಓದುವಾಗ ನಡುನಡುವೆ ಕಣ್ಣನ್ನು ಪೂರ್ತಿಯಾಗಿ ಮುಚ್ಚಿ ತೆರೆಯುವುದಕ್ಕೆ ಕಾಸು ಬೇಕಾಗಿಲ್ಲ.

ಫ್ಲೆಮಿಂಗನ ಕೊನೆಯ ವರ್ಷಗಳು ಕೀರ್ತಿಯಲ್ಲಿಯೇ ಕಳೆದವು. 1949ರಲ್ಲಿ ಸಾರಾ ತೀರಿಕೊಂಡಳು. ಆತನು ಬಹಳ ಏಕಾಕಿಯಾದನು. 1953ರಲ್ಲಿ ತನ್ನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ್ದ ಗ್ರೀಸ್ ದೇಶದ ವೈದ್ಯೆ ಅಮಾಲಿಯಾ ವುರೇಕಾಳನ್ನು ವಿವಾಹವಾದನು. 1955ರ ಮಾರ್ಚ್ 11ರಂದು ಲಂಡನ್ನಿನ ಮನೆಯಲ್ಲಿ ಹೃದಯಾಘಾತದಿಂದ ಮರಣಹೊಂದಿದನು. ಕುರಿ ಸಾಕುವ ರೈತನ ಮಗನ ಅಸ್ಥಿಗಳು ಸೇಂಟ್ ಪಾಲ್ ಮಹಾಮಂದಿರದಲ್ಲಿ ಸ್ಥಾನ ಪಡೆದವು.

ಅದೃಷ್ಟವಂತನೆಂದು ಆತನನ್ನು ಹಲವರು ಕರೆಯುವುದುಂಟು. ನೆಗಡಿ ಎಲ್ಲರಿಗೂ ಬರುತ್ತದೆ, ಬೂಷ್ಟು ಎಲ್ಲರ ಮನೆಯಲ್ಲಿಯೂ ಬೆಳೆಯುತ್ತದೆ, ಕಣ್ಣೀರು ಎಲ್ಲರ ಕಣ್ಣಿನಲ್ಲಿಯೂ ಇದೆ. ಅವನ್ನು ಅಸಡ್ಡೆ ಮಾಡದೆ ನಿಂತು ನೋಡಿದವನು ಆತನು. ಮದ್ದು ಹುಡುಕುವುದಕ್ಕೆ ಮೊದಲು ದೇಹವು ತಾನೇ ಏನು ಮಾಡುತ್ತಿದೆಯೆಂದು ವಿಚಾರಿಸಿದವನು. ವಿದ್ಯಾರ್ಥಿಗಳಾದ ನಮಗೆ ಪ್ರಯೋಗಶಾಲೆ ಇಲ್ಲದಿರಬಹುದು. ನೋಡುವ ಕಣ್ಣು ಇದೆ. ಆ ಕಣ್ಣನ್ನು ಕಾಯುತ್ತಿರುವ ತೊಟ್ಟು ನೀರನ್ನು ನಾವೂ ಕಾಯೋಣ.